ದೊಡ್ಡ ಸಿಎ ಸಂಸ್ಥೆಯಲ್ಲಿ ಆರ್ಟಿಕಲ್‌ಶಿಪ್: ವೋಚರ್ ನೋಡುವುದರಲ್ಲೇ ಎರಡು ವರ್ಷ ಕಳೆದುಹೋಗುವುದೇ?

ಪ್ರಶ್ನೆ: ನಾನು ದಾವಣಗೆರೆಯವಳು. ಸಿಎ ಇಂಟರ್‌ಮೀಡಿಯೇಟ್‌ನ ಎರಡೂ ಗ್ರೂಪ್ ಮುಗಿಸಿ, ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಆಡಿಟ್ ವಿಭಾಗದಲ್ಲಿ ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಆಗಲು ಕಡ್ಡಾಯವಾದ ಪ್ರಾಯೋಗಿಕ ತರಬೇತಿಗೆ, ಸೇರಿದೆ. ಇದುವರೆಗೆ ನಾನು ಮಾಡಿದ್ದು ಇನ್‌ವಾಯ್ಸ್‌ಗಳನ್ನು ಲೆಡ್ಜರ್‌ನೊಂದಿಗೆ ತಾಳೆ ನೋಡುವುದು, ಬಾಕಿ ದೃಢೀಕರಣದ (ಲೆಕ್ಕದಲ್ಲಿರುವ ಬಾಕಿ ಸರಿಯೇ ಎಂದು ಕಂಪನಿಯ ಗ್ರಾಹಕರನ್ನೂ ಬ್ಯಾಂಕುಗಳನ್ನೂ ಕೇಳುವ) ಪತ್ರಗಳನ್ನು ಕಳಿಸುವುದು ಮತ್ತು ಒಮ್ಮೆ ಸ್ಟಾಕ್ ಎಣಿಕೆ, ಇಷ್ಟೇ. ಊರಿನಲ್ಲೇ ಉಳಿದ ನನ್ನ ಗೆಳತಿ ಜಿಎಸ್‌ಟಿ ರಿಟರ್ನ್, ಟ್ಯಾಕ್ಸ್ ಆಡಿಟ್, ಇಲಾಖೆಯ ನೋಟಿಸಿಗೆ ಉತ್ತರ ಬರೆಯುವುದು ಎಲ್ಲವನ್ನೂ ಕಲಿಯುತ್ತಿದ್ದಾಳೆ. ಹೀಗೆಯೇ ಎರಡು ವರ್ಷ ಕಳೆದರೆ ಫೈನಲ್ ಪರೀಕ್ಷೆಗಾಗಲಿ ಮುಂದಿನ ವೃತ್ತಿಗಾಗಲಿ ನನಗೇನು ಸಿಗುತ್ತದೆ? ತಂಡದವರೆಲ್ಲ ಇಂಗ್ಲಿಷ್‌ನಲ್ಲಿ ಮಾತನಾಡುವಾಗ ಪ್ರಶ್ನೆ ಕೇಳಲು ಹಿಂಜರಿಕೆಯಾಗುತ್ತದೆ. ನಾನು ಬೇರೆ ಕಚೇರಿಗೆ ವರ್ಗಾವಣೆ ಪಡೆಯುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ‘ಇಷ್ಟೇ’ ಎಂಬ ಮಾತು ಇದೆಯಲ್ಲ, ಅದರ ಬಗ್ಗೆ ಮೊದಲು ಬರೆಯುತ್ತೇನೆ. ಇನ್‌ವಾಯ್ಸ್ ತಾಳೆ ನೋಡುವುದು, ಬಾಕಿ ದೃಢೀಕರಣ, ಸ್ಟಾಕ್ ಎಣಿಕೆ ಈ ಮೂರೂ ಲೆಕ್ಕಪರಿಶೋಧನೆಯ ಅಂಚಿನ ಕೆಲಸಗಳಲ್ಲ. ಪಾರ್ಟ್‌ನರ್ ಸಹಿ ಹಾಕುವ ವರದಿಯ ಕೆಳಗೆ ನಿಂತಿರುವ ಪುರಾವೆಯಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ, ಮತ್ತು ಅದನ್ನು ಕಣ್ಣಾರೆ ನೋಡುವವರು ಅನೇಕ ಸಲ ಆರ್ಟಿಕಲ್‌ಗಳು, ಅಂದರೆ ನಿಮ್ಮಂತೆ ತರಬೇತಿಯಲ್ಲಿರುವವರು, ಮಾತ್ರ. ಆದರೂ ನಿಮ್ಮ ಅಸಮಾಧಾನಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ದೊಡ್ಡ ಸಂಸ್ಥೆಯಲ್ಲಿ ಕೆಲಸವನ್ನು ತುಂಡು ತುಂಡಾಗಿ ಹಂಚುತ್ತಾರೆ. ಕೈಗೆ ಬಂದ ತುಂಡು ಯಾವ ಇಡಿಯ ಭಾಗ ಎಂಬುದನ್ನು ಯಾರೂ ಕರೆದು ಕೂರಿಸಿ ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯದವರಿಗೆ ಎರಡು ವರ್ಷದ ಕೊನೆಯಲ್ಲಿ ಎಕ್ಸೆಲ್‌ನ ವೇಗ ಬಿಟ್ಟು ಬೇರೇನೂ ಉಳಿಯದಿರುವ ಅಪಾಯ ನಿಜವಾಗಿಯೂ ಇದೆ.

ನೀವು ನೋಡುತ್ತಿರುವ ಇನ್‌ವಾಯ್ಸ್‌ಗಳಿಂದಲೇ ಆರಂಭಿಸೋಣ. ನಿಮಗೆ ಇಪ್ಪತ್ತೈದು ಇನ್‌ವಾಯ್ಸ್‌ಗಳ ಪಟ್ಟಿ ಕೊಟ್ಟಿರುತ್ತಾರೆ. ಏಕೆ ಇಪ್ಪತ್ತೈದು, ಏಕೆ ಇವೇ ಇಪ್ಪತ್ತೈದು ಎಂದು ಎಂದಾದರೂ ಕೇಳಿದ್ದೀರಾ? ಒಂದು ಕಂಪನಿಯ ತೆರಿಗೆ ಪೂರ್ವ ಲಾಭ 40 ಕೋಟಿ ರೂಪಾಯಿ ಎಂದುಕೊಳ್ಳಿ. ಅದರ ಶೇ 5, ಅಂದರೆ 2 ಕೋಟಿ ರೂಪಾಯಿಯನ್ನು ಮೆಟೀರಿಯಾಲಿಟಿ ಎಂದು ಇಟ್ಟುಕೊಳ್ಳುವುದು ಬಳಕೆಯಲ್ಲಿರುವ ಒಂದು ರೂಢಿ. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕಪತ್ರದಲ್ಲಿ ಉಳಿದರೆ ಅದನ್ನು ನಂಬಿ ನಿರ್ಧಾರ ಮಾಡುವವರು ದಾರಿ ತಪ್ಪುತ್ತಾರೆ ಎಂಬುದು ಅದರ ಅರ್ಥ. ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡಿ ಆ ಮಿತಿಯನ್ನು ದಾಟಬಾರದೆಂದು ಕೆಲಸ ಮಾಡುವಾಗ ಇನ್ನೂ ಕೆಳಗಿನ ಒಂದು ಮಟ್ಟವನ್ನು, ಉದಾಹರಣೆಗೆ ಅದರ ಶೇ 75ರಂತೆ 1.5 ಕೋಟಿಯನ್ನು, ಹಿಡಿಯುತ್ತಾರೆ. ಈ ಮಟ್ಟ, ಆ ಖಾತೆಯಲ್ಲಿ ತಪ್ಪು ನುಸುಳುವ ಸಂಭವ ಎಷ್ಟಿದೆ ಎಂಬ ಅಂದಾಜು ಮತ್ತು ಕಂಪನಿಯ ಒಳಗಿನ ನಿಯಂತ್ರಣಗಳನ್ನು ಎಷ್ಟು ನಂಬಬಹುದು ಎಂಬ ತೀರ್ಮಾನ, ಇವೆಲ್ಲ ಸೇರಿ ನಿಮ್ಮ ಆ ಪಟ್ಟಿಯಾಗಿದೆ. ಎಸ್‌ಎ 315 (ಅಪಾಯದ ಅಂದಾಜು), ಎಸ್‌ಎ 320 (ಮೆಟೀರಿಯಾಲಿಟಿ), ಎಸ್‌ಎ 530 (ಮಾದರಿ ಆಯ್ಕೆ) ಎಂದು ನೀವು ಇಂಟರ್‌ನಲ್ಲಿ ಬಾಯಿಪಾಠ ಮಾಡಿದ ಮೂರು ಲೆಕ್ಕಪರಿಶೋಧನಾ ಮಾನದಂಡಗಳು ನಿಮ್ಮ ಮೇಜಿನ ಮೇಲಿನ ಒಂದೇ ಹಾಳೆಯಲ್ಲಿ ಕೂಡಿವೆ. ಆಡಿಟ್ ಫೈಲಿನಲ್ಲಿ ಯೋಜನೆಯ ಭಾಗವೊಂದು ಇರುತ್ತದೆ. ಅದನ್ನು ಓದಲು ಅನುಮತಿ ಕೇಳಿ. ನಾನು ಕಂಡಂತೆ ಈ ಅನುಮತಿಯನ್ನು ಯಾವ ಸೀನಿಯರ್ ಕೂಡ ನಿರಾಕರಿಸಿದ್ದಿಲ್ಲ. ಕೇಳುವ ಆರ್ಟಿಕಲ್‌ಗಳೇ ವಿರಳ.

ತಾಳೆ ನೋಡುವ ದಿಕ್ಕನ್ನೂ ಗಮನಿಸಿ. ಲೆಡ್ಜರ್‌ನಲ್ಲಿರುವ ನಮೂದನ್ನು ಹಿಡಿದು ಕಾಗದದ ಕಡೆಗೆ ಹೋದರೆ, ಬರೆದ ಮಾರಾಟ ನಿಜಕ್ಕೂ ನಡೆದಿದೆಯೇ ಎಂಬುದು ತಿಳಿಯುತ್ತದೆ. ಕಾಗದವನ್ನು ಹಿಡಿದು ಲೆಡ್ಜರ್‌ನ ಕಡೆಗೆ ಬಂದರೆ, ನಡೆದದ್ದೆಲ್ಲ ಬರೆಯಲ್ಪಟ್ಟಿದೆಯೇ ಎಂಬುದು ತಿಳಿಯುತ್ತದೆ. ಮಾರಾಟವನ್ನು ಹಿಗ್ಗಿಸುವ ಒತ್ತಡ ಇರುವಲ್ಲಿ ಮೊದಲನೆಯದು ಮುಖ್ಯ, ಖರ್ಚನ್ನೋ ಸಾಲವನ್ನೋ ಮುಚ್ಚಿಡುವ ಒತ್ತಡ ಇರುವಲ್ಲಿ ಎರಡನೆಯದು. ಕೈಯಲ್ಲಿರುವ ಕೆಲಸ ಇವೆರಡರಲ್ಲಿ ಯಾವುದು ಎಂಬುದು ಸ್ಪಷ್ಟವಾಗದೆ ಟಿಕ್ ಹಾಕಿದರೆ, ಆ ಟಿಕ್ ಯಾವ ಪ್ರಶ್ನೆಗೂ ಉತ್ತರವಾಗುವುದಿಲ್ಲ.

ನನ್ನ ಸ್ವಂತ ಆರ್ಟಿಕಲ್‌ಶಿಪ್‌ನ ಎರಡನೆಯ ವರ್ಷದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಿಮ್ಮ ಭಾಷೆಯ ಹಿಂಜರಿಕೆಗೂ ಸಂಬಂಧಿಸಿದೆ. ದೊಡ್ಡಬಳ್ಳಾಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ವರ್ಷಾಂತ್ಯದ ಕಟ್-ಆಫ್ ಪರೀಕ್ಷೆ, ಅಂದರೆ ಮಾರಾಟ ಸರಿಯಾದ ವರ್ಷದ ಲೆಕ್ಕಕ್ಕೇ ಸೇರಿದೆಯೇ ಎಂದು ನೋಡುವ ಕೆಲಸ, ನನ್ನ ಪಾಲಿಗೆ ಬಂದಿತ್ತು. ಮಾರ್ಚ್ ಕೊನೆಯ ವಾರದ ಇನ್‌ವಾಯ್ಸ್‌ಗಳನ್ನು ತೆಗೆದುಕೊಂಡು, ಖರೀದಿದಾರರ ಆರ್ಡರ್ ಮತ್ತು ಡೆಲಿವರಿ ಚಲನ್‌ಗಳ ಜೊತೆ ತಾಳೆ ನೋಡಿದೆ. ದಿನಾಂಕ, ಮೊತ್ತ, ಸಹಿ ಎಲ್ಲವೂ ಸರಿಯಾಗಿದ್ದವು. ಎಲ್ಲಕ್ಕೂ ಟಿಕ್ ಹಾಕಿ ಹಾಳೆಯನ್ನು ಮುಗಿಸಿದೆ. ಸಂಜೆ ಕಚೇರಿಯ ವಾಹನಕ್ಕಾಗಿ ಗೇಟಿನ ಕೋಣೆಯಲ್ಲಿ ಕಾಯುತ್ತಿದ್ದಾಗ ಸೆಕ್ಯೂರಿಟಿಯವರ ರಿಜಿಸ್ಟರ್ ಕಣ್ಣಿಗೆ ಬಿತ್ತು. ಒಳಬಂದ ಮತ್ತು ಹೊರಹೋದ ಪ್ರತಿಯೊಂದು ಲಾರಿಯ ನಂಬರು, ಹೊತ್ತು, ಚಲನ್ ಸಂಖ್ಯೆ, ಮಾಲಿನ ವಿವರ ಎಲ್ಲವನ್ನೂ ಅವರು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿಟ್ಟಿದ್ದರು. ನಾನು ಅಂದು ಬೆಳಗ್ಗೆ ನೋಡಿದ ಚಲನ್‌ಗಳಲ್ಲಿ ನಾಲ್ಕರ ಸಂಖ್ಯೆಗಳು ಏಪ್ರಿಲ್ 3 ಮತ್ತು 4ನೇ ತಾರೀಖಿನ ಪುಟದಲ್ಲಿದ್ದವು. ಅಂದರೆ ಮಾರ್ಚ್ 31ಕ್ಕೆ ಮಾರಾಟವಾಗಿದೆ ಎಂದು ಲೆಕ್ಕಕ್ಕೆ ತೆಗೆದುಕೊಂಡ ಮಾಲು, ಹೊಸ ವರ್ಷ ಹುಟ್ಟಿ ಮೂರು ದಿನವಾದರೂ ಕಾರ್ಖಾನೆಯ ಒಳಗೇ ಇತ್ತು.

ನಮ್ಮ ಸೀನಿಯರ್ ಉತ್ತರ ಭಾರತದವರು, ಬಹಳ ಚುರುಕಾದವರು. ಆದರೆ ಆ ರಿಜಿಸ್ಟರನ್ನು ಅವರು ಓದಲಾರರು. ಹಿಂದಿನ ವರ್ಷಗಳ ಫೈಲಿನಲ್ಲೂ ಅದರ ಪ್ರಸ್ತಾಪವಿರಲಿಲ್ಲ. ನಾನು ಸಾಲು ಸಾಲಾಗಿ ಓದಿ ಹೇಳಿದೆ. ಅವರು ಪುಟಗಳ ಜೆರಾಕ್ಸ್ ತರಿಸಿ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಬರೆಸಿ ಫೈಲಿಗೆ ಸೇರಿಸಿದರು. ಖರೀದಿದಾರರೊಂದಿಗಿನ ಒಪ್ಪಂದದ ಪ್ರಕಾರ ಮಾಲು ಗೇಟು ದಾಟಿದ ಮೇಲಷ್ಟೇ ಅದರ ಹೊಣೆ ಅವರದಾಗುತ್ತಿತ್ತು. ಹೀಗಾಗಿ ಕಂಪನಿಯವರು ಆ ನಾಲ್ಕು ಮಾರಾಟಗಳನ್ನು ಆ ವರ್ಷದ ಲೆಕ್ಕದಿಂದ ತೆಗೆದು, ಮಾಲನ್ನು ಸ್ಟಾಕಿಗೆ ಮರಳಿ ಸೇರಿಸಿದರು. ಮಾರಾಟ ವಿಭಾಗದ ಗುರಿಯಾಗಲಿ, ಕಂಪನಿಯ ಲಾಭವಾಗಲಿ ಗೇಟಿನಲ್ಲಿ ಕುಳಿತ ಆ ಮನುಷ್ಯರಿಗೆ ಸಂಬಂಧಪಟ್ಟದ್ದಲ್ಲ. ಅವರು ಕಂಡದ್ದನ್ನು ಕಂಡ ಹೊತ್ತಿಗೆ ಬರೆದಿದ್ದರು. ಪುರಾವೆಯ ತೂಕ ಅದು ಯಾರಿಂದ, ಹೇಗೆ ಬಂತು ಎಂಬುದರ ಮೇಲೆ ನಿಂತಿದೆ ಎಂಬುದನ್ನು ಎಸ್‌ಎ 500 ಪುರಾವೆಯ ವಿಶ್ವಾಸಾರ್ಹತೆಯ ಭಾಗದಲ್ಲಿ ಬಹಳ ಒಣ ಮಾತಿನಲ್ಲಿ ಹೇಳುತ್ತದೆ. ನನಗೆ ಅದು ಅರ್ಥವಾದದ್ದು ಆ ಸಂಜೆ.

ಆದ್ದರಿಂದ ಇಂಗ್ಲಿಷ್ ಕುರಿತು ನಿಮಗೆ ಹೇಳಬೇಕಾದದ್ದು ಎರಡು ಮಾತು. ಇಮೇಲ್ ಮತ್ತು ವರ್ಕಿಂಗ್ ಪೇಪರ್‌ಗಳ (ಮಾಡಿದ ಆಡಿಟ್ ಕೆಲಸವನ್ನು ದಾಖಲಿಸುವ ಹಾಳೆಗಳ) ಇಂಗ್ಲಿಷನ್ನು ಕಲಿಯಲೇಬೇಕು. ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ. ಏನು ಕೇಳಿದೆವು, ಏನು ಕೊಟ್ಟರು, ಏನು ಕಂಡಿತು, ಏನು ಬಾಕಿ ಇದೆ ಎಂಬ ನಾಲ್ಕು ಬಗೆಯ ವಾಕ್ಯಗಳಲ್ಲಿ ಅದರ ಮುಕ್ಕಾಲು ಭಾಗ ಮುಗಿಯುತ್ತದೆ, ಮತ್ತು ಹಳೆಯ ಒಳ್ಳೆಯ ಫೈಲುಗಳನ್ನು ಓದಿದರೆ ಆರು ತಿಂಗಳಲ್ಲಿ ಕೈಗೆ ಬರುತ್ತದೆ. ಇನ್ನೊಂದೆಡೆ, ಪೀಣ್ಯದಲ್ಲಿ, ಬೊಮ್ಮಸಂದ್ರದಲ್ಲಿ, ಹಾರೋಹಳ್ಳಿಯಲ್ಲಿ ಉಗ್ರಾಣ ನೋಡಿಕೊಳ್ಳುವವರೊಂದಿಗೆ, ಲಾರಿ ತೂಗುವ ವೇಬ್ರಿಡ್ಜ್ ಬಳಿ ಇರುವವರೊಂದಿಗೆ, ಗೇಟಿನವರೊಂದಿಗೆ ಅವರ ಮಾತಿನಲ್ಲೇ ಮಾತನಾಡಬಲ್ಲ ಆಡಿಟರ್‌ಗೆ ಸಿಗುವ ಮಾಹಿತಿ ಕಾನ್ಫರೆನ್ಸ್ ಕೋಣೆಯಲ್ಲಿ ಕುಳಿತವರಿಗೆ ಸಿಗುವುದಿಲ್ಲ. ‘ಈ ಮೂಲೇಲಿರೋ ಮಾಲು ಯಾವಾಗ ಬಂತು ಅಣ್ಣ?’ ಎಂದು ಕೇಳಿದರೆ, ಎರಡು ವರ್ಷದಿಂದ ಕದಲದೆ ಬಿದ್ದಿರುವ ಮಾಲಿನ ಇಡೀ ಚರಿತ್ರೆ ಹೊರಬರುತ್ತದೆ. ಆ ಮಾಲಿನ ಮೌಲ್ಯವನ್ನು ಇಳಿಸಬೇಕೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ.

ಸ್ಟಾಕ್ ಎಣಿಕೆಗೆ ಮತ್ತೆ ಹೋದಾಗ, ಪಟ್ಟಿಯಲ್ಲಿರುವುದನ್ನು ನೆಲದ ಮೇಲೆ ಹುಡುಕುವುದಷ್ಟೇ ಅಲ್ಲದೆ, ನೆಲದ ಮೇಲೆ ಕಂಡದ್ದನ್ನು ಪಟ್ಟಿಯಲ್ಲಿ ಹುಡುಕಿ. ಬೆಂಗಳೂರಿನ ಸುತ್ತಲಿನ ಕಾರ್ಖಾನೆಗಳಲ್ಲಿ ಜಾಬ್ ವರ್ಕ್, ಅಂದರೆ ಒಬ್ಬರ ಮಾಲನ್ನು ಇನ್ನೊಬ್ಬರು ಕೂಲಿಗೆ ಸಿದ್ಧಪಡಿಸಿಕೊಡುವುದು, ಬಹಳ. ಕಣ್ಣೆದುರಿನ ಮಾಲು ಕಂಪನಿಯದಲ್ಲದೆ ಇನ್ನೊಬ್ಬರದಾಗಿರಬಹುದು, ಕಂಪನಿಯ ಮಾಲು ಇನ್ನೊಬ್ಬರ ಶೆಡ್ಡಿನಲ್ಲಿರಬಹುದು. ಎಣಿಕೆಯ ದಿನದ ಕೊನೆಯ ಚಲನ್ ಸಂಖ್ಯೆಯನ್ನೂ ಮಾಲು ಸ್ವೀಕೃತಿಯ ಕೊನೆಯ ಸಂಖ್ಯೆಯನ್ನೂ ಅಲ್ಲೇ ನಿಂತು ಬರೆದುಕೊಳ್ಳಿ, ಆಮೇಲೆ ಅವುಗಳನ್ನು ಯಾರೂ ನಿಮಗಾಗಿ ಕಾಯ್ದಿಡುವುದಿಲ್ಲ.

ಬಾಕಿ ದೃಢೀಕರಣದ ಪತ್ರಗಳ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪಾಗಿತ್ತು. ಮೊದಲ ವರ್ಷದಲ್ಲಿ, ಎಂಬತ್ತು ಲಕೋಟೆಗಳನ್ನು ಸಿದ್ಧಪಡಿಸಿದ ಮೇಲೆ, ಕ್ಲೈಂಟ್ ಕಚೇರಿಯ ಗುಮಾಸ್ತರೊಬ್ಬರು ‘ಅಂಚೆಗೆ ನಾವೇ ಹಾಕುತ್ತೇವೆ, ಉತ್ತರ ಬಂದಾಗ ಒಟ್ಟಿಗೆ ಕೊಡುತ್ತೇವೆ’ ಎಂದರು. ನಾನು ಒಪ್ಪಿಕೊಂಡೆ. ಮರುದಿನ ಈ ಸಂಗತಿ ತಿಳಿದ ಮ್ಯಾನೇಜರ್ ಎಂಬತ್ತನ್ನೂ ಹೊಸದಾಗಿ ಬರೆಸಿ, ನನ್ನ ಕೈಯಿಂದಲೇ ಅಂಚೆಗೆ ಹಾಕಿಸಿ, ಉತ್ತರ ನಮ್ಮ ಕಚೇರಿಯ ವಿಳಾಸಕ್ಕೇ ಬರುವಂತೆ ಮಾಡಿದರು. ಅಂದು ನನಗೆ ಅದು ಅನಗತ್ಯ ಕಟ್ಟುನಿಟ್ಟು ಎನಿಸಿತ್ತು. ಕೆಲವು ವರ್ಷಗಳ ಬಳಿಕ, 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಹೊರಬಿತ್ತು. ಲೆಕ್ಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅವರೇ ಬರೆದಿದ್ದರು. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ 2011ರಲ್ಲಿ ಆ ಆಡಿಟ್ ಕುರಿತು ಹೊರಡಿಸಿದ ಆದೇಶದಲ್ಲಿ ಎತ್ತಿ ತೋರಿಸಿದ ಮುಖ್ಯ ಲೋಪಗಳಲ್ಲಿ ಒಂದು, ಬ್ಯಾಂಕ್ ದೃಢೀಕರಣ ಪತ್ರಗಳನ್ನು ಕಳಿಸುವ ಮತ್ತು ಪಡೆಯುವ ಹಿಡಿತವನ್ನು ಆಡಿಟರ್‌ಗಳು ತಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ಕಂಪನಿಯ ಕೈಗೆ ಬಿಟ್ಟದ್ದು. ನಾನು ಆ ಗುಮಾಸ್ತರ ಕೈಗಿತ್ತ ಲಕೋಟೆಗಳ ನೆನಪಾಗಿ ಆ ದಿನ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಇಂದು ಲಕೋಟೆಯ ಬದಲು ಇಮೇಲ್ ಹೋಗುತ್ತದೆ. ಆದರೆ ಉತ್ತರ ಬಂದ ಇಮೇಲ್ ವಿಳಾಸ ನಿಜಕ್ಕೂ ಆ ಪಾರ್ಟಿಯದೇ, ಅಥವಾ ಕ್ಲೈಂಟ್ ಕೊಟ್ಟ ಯಾವುದೋ ಉಚಿತ ಖಾತೆಯೇ ಎಂದು ನೋಡಬೇಕಾದವರು ಈಗಲೂ ನೀವೇ. ನೀವು ‘ಪತ್ರಗಳನ್ನು ಕಳಿಸುವುದು’ ಎಂದು ಒಂದೇ ಮಾತಿನಲ್ಲಿ ಮುಗಿಸಿದ ಕೆಲಸ ಇದು.

ಇಲ್ಲಿ ನಾನು ಅತ್ಯಂತ ಮುಖ್ಯವೆಂದು ನಂಬಿರುವ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ ಮತ್ತು ಮೇ ತಿಂಗಳು ದೊಡ್ಡ ಸಂಸ್ಥೆಗಳಲ್ಲಿ ಹೇಗಿರುತ್ತದೆಂದು ನೀವು ಕಾಣುತ್ತೀರಿ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ವರ್ಷದ ಫಲಿತಾಂಶವನ್ನು 60 ದಿನದೊಳಗೆ, ಅಂದರೆ ಮೇ 30ರೊಳಗೆ ಪ್ರಕಟಿಸಬೇಕು. ನಿಯಮದಲ್ಲಿ ಆರ್ಟಿಕಲ್‌ಗಳಿಗೆ ವಾರಕ್ಕೆ 35 ಗಂಟೆಯ ಕೆಲಸ ಎಂದಿದ್ದರೂ ಆ ದಿನಗಳಲ್ಲಿ ಅದು ಅನೇಕ ಕಡೆ ಪಾಲನೆಯಾಗುವುದಿಲ್ಲ, ಮತ್ತು ಇದು ಸರಿಯಲ್ಲವೆಂದು ನಾನು ಸಂಸ್ಥೆಗಳ ಒಳಗೂ ಹೇಳುತ್ತಾ ಬಂದಿದ್ದೇನೆ. ರಾತ್ರಿ ಹನ್ನೊಂದಕ್ಕೆ, ಇನ್ನೂ ಆರು ಇನ್‌ವಾಯ್ಸ್ ಬಂದಿಲ್ಲದಿರುವಾಗ, ಕಣ್ಣು ಎಳೆಯುತ್ತಿರುವಾಗ, ‘ಹೋದ ವರ್ಷದಂತೆಯೇ ಇರುತ್ತದೆ, ಟಿಕ್ ಹಾಕಿ ಮುಗಿಸು’ ಎಂಬ ಸಲಹೆ ಬರಬಹುದು. ಅಥವಾ ಯಾರೂ ಹೇಳದೆ ನಿಮ್ಮ ಮನಸ್ಸಿಗೇ ಹಾಗೆ ತೋರಬಹುದು. ನೋಡದ ಕಾಗದವನ್ನು ನೋಡಿದೆನೆಂದು ಬರೆಯಬೇಡಿ. ಒಮ್ಮೆಯೂ ಬೇಡ. ಬಾರದ ಆರು ಇನ್‌ವಾಯ್ಸ್‌ಗಳ ಎದುರಿಗೆ ‘ದೊರೆತಿಲ್ಲ, ಇಂಥ ದಿನ ಇಂಥವರನ್ನು ಕೇಳಲಾಗಿದೆ’ ಎಂದು ಬರೆಯಿರಿ. ಅದರಿಂದ ಮೇಲಿನವರಿಗೆ ಕಿರಿಕಿರಿಯಾಗಬಹುದು, ಆದರೆ ಅದನ್ನು ಓದಿದ ಮ್ಯಾನೇಜರ್‌ಗೆ ತೀರ್ಮಾನ ಮಾಡಲು ನಿಜವಾದ ಆಧಾರ ಸಿಗುತ್ತದೆ. ಫೈಲನ್ನು ವರದಿಯ ದಿನದಿಂದ ಸಾಮಾನ್ಯವಾಗಿ 60 ದಿನದೊಳಗೆ ಅಂತಿಮಗೊಳಿಸಿ ಮುಚ್ಚಬೇಕು, ಆನಂತರ ಕನಿಷ್ಠ 7 ವರ್ಷ ಕಾಪಾಡಬೇಕು. ಅಷ್ಟು ಕಾಲ ನಿಮ್ಮ ಹೆಸರಿನ ಮೊದಲಕ್ಷರಗಳು ಆ ಹಾಳೆಯ ಮೇಲಿರುತ್ತವೆ. 2018ರಲ್ಲಿ ಸ್ಥಾಪನೆಯಾದ ಎನ್‌ಎಫ್‌ಆರ್‌ಎ (ಲೆಕ್ಕಪರಿಶೋಧಕರ ಮೇಲೆ ನಿಗಾ ಇಡುವ ರಾಷ್ಟ್ರೀಯ ಪ್ರಾಧಿಕಾರ) ದೊಡ್ಡ ಕಂಪನಿಗಳ ಆಡಿಟ್ ಫೈಲುಗಳನ್ನು ತರಿಸಿ ನೋಡುವಾಗ ಸಂಸ್ಥೆಯ ನೆರವಿಗೆ ಬರುವುದು ಅದರ ಹೆಸರಲ್ಲ, ಹಾಳೆಯಲ್ಲಿರುವುದೇ.

ಇನ್ನು ಗೆಳತಿಯ ಕೆಲಸದೊಂದಿಗಿನ ಹೋಲಿಕೆ. ಆಕೆಗೆ ಸಿಗುತ್ತಿರುವ ಕಲಿಕೆ ನಿಜವಾದದ್ದು. ಸಣ್ಣ ಕಚೇರಿಯಲ್ಲಿ ಒಬ್ಬ ವ್ಯಾಪಾರಿಯ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹಿಡಿದು ಜಿಎಸ್‌ಟಿ, ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ವರದಿ, ರಿಟರ್ನ್, ಆನಂತರ ಬರುವ ನೋಟಿಸ್ ತನಕ ಎಲ್ಲವನ್ನೂ ಒಬ್ಬರೇ ನೋಡುತ್ತಾರೆ; ತಪ್ಪಿದರೆ ವ್ಯಾಪಾರಿ ಎದುರಿಗೇ ಬಂದು ಕೇಳುತ್ತಾರೆ. ಆ ಹೊಣೆಯ ಅನುಭವ ನಿಮ್ಮಲ್ಲಿ ಬೇಗ ಸಿಗದು, ಏಕೆಂದರೆ ನಿಮ್ಮ ಸಂಸ್ಥೆಯಲ್ಲಿ ತೆರಿಗೆಗೆ ಬೇರೆಯೇ ವಿಭಾಗವಿದೆ. ಆದರೆ ಇಂಡ್ ಎಎಸ್ (ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಭಾರತೀಯ ಲೆಕ್ಕಪತ್ರ ಮಾನದಂಡಗಳ) ಪ್ರಕಾರ ಲೆಕ್ಕ ಬರೆಯುವ ಕಂಪನಿಗಳನ್ನು, ಬಾಡಿಗೆ ಗುತ್ತಿಗೆಗಳನ್ನೂ (ಲೀಸ್) ಹಣಕಾಸು ಸಾಧನಗಳನ್ನೂ ಲೆಕ್ಕಕ್ಕೆ ತರುವ ಬಗೆಯನ್ನು, ಒಳ ನಿಯಂತ್ರಣಗಳ ಪರೀಕ್ಷೆಯನ್ನು ಆಕೆ ಪುಸ್ತಕದಲ್ಲಷ್ಟೇ ಓದಬೇಕಾಗುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ ಕಡ್ಡಾಯವಾಗಿದೆಯಲ್ಲ, ದೊಡ್ಡ ಇಆರ್‌ಪಿ (ಎಲ್ಲ ವಿಭಾಗಗಳ ವ್ಯವಹಾರವನ್ನು ಒಂದೆಡೆ ದಾಖಲಿಸುವ ಸಾಫ್ಟ್‌ವೇರ್) ವ್ಯವಸ್ಥೆಯೊಂದರಲ್ಲಿ ಆ ದಾಖಲೆ ನಿಜಕ್ಕೂ ವರ್ಷವಿಡೀ ಚಾಲೂ ಇತ್ತೇ ಎಂದು ಪರಿಶೀಲಿಸುವ ಕೆಲಸ ನಿಮ್ಮ ತಂಡದಲ್ಲಿ ನಡೆಯುತ್ತಿರುತ್ತದೆ. ಅದನ್ನು ಮಾಡುವವರ ಪಕ್ಕದಲ್ಲಿ ಅರ್ಧ ದಿನ ಕುಳಿತುಕೊಳ್ಳಲು ಕೇಳಿ.

ಫೈನಲ್‌ನ ಆರು ಪತ್ರಿಕೆಗಳಲ್ಲಿ ಫೈನಾನ್ಷಿಯಲ್ ರಿಪೋರ್ಟಿಂಗ್ ಮತ್ತು ಆಡಿಟ್ ಪತ್ರಿಕೆಗಳಿಗೆ ನಿಮ್ಮ ಕೆಲಸ ನೇರವಾಗಿ ಒದಗುತ್ತದೆ. ನೇರ ಮತ್ತು ಪರೋಕ್ಷ ತೆರಿಗೆಯ ಎರಡು ಪತ್ರಿಕೆಗಳಿಗೆ ಒದಗುವುದಿಲ್ಲ. ಈ ಕೊರತೆಯನ್ನು ಈಗಲೇ ಒಪ್ಪಿಕೊಂಡು ಅದಕ್ಕೆ ವ್ಯವಸ್ಥೆ ಮಾಡಿ. ಜುಲೈನಿಂದ ಅಕ್ಟೋಬರ್‌ವರೆಗೆ ತೆರಿಗೆ ವಿಭಾಗಕ್ಕೆ ಕೈಗಳು ಸಾಲದೆ ಇರುವಾಗ ಕೆಲವು ವಾರ ಅಲ್ಲಿಗೆ ಕಳಿಸಿರೆಂದು ನಿಮ್ಮ ಪ್ರಿನ್ಸಿಪಾಲರನ್ನು, ಅಂದರೆ ಯಾರ ಕೈಕೆಳಗೆ ನಿಮ್ಮ ತರಬೇತಿ ನೋಂದಣಿಯಾಗಿದೆಯೋ ಆ ಸಿಎ ಅವರನ್ನು, ಲಿಖಿತವಾಗಿ ಕೇಳಿ, ಮತ್ತು ಗೆಳತಿಯ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಒಂದು ಗಂಟೆ ಮಾತನಾಡಿ: ಆಕೆ ಒಂದು ನೋಟಿಸಿನ ಕಥೆ ಹೇಳಲಿ, ನೀವು ಒಂದು ಆಡಿಟ್ ಪರೀಕ್ಷೆಯ ಕಥೆ ಹೇಳಿ, ಕ್ಲೈಂಟ್ ಯಾರೆಂದು ಮಾತ್ರ ಇಬ್ಬರೂ ಹೇಳಬಾರದು. ನಮ್ಮ ಕಾಲದಲ್ಲಿ ಮೂರು ವರ್ಷದ ಆರ್ಟಿಕಲ್‌ಶಿಪ್‌ನ ಕೊನೆಯ ತಿಂಗಳುಗಳಲ್ಲೇ ಫೈನಲ್ ಬರೆಯುತ್ತಿದ್ದೆವು; ಕಚೇರಿಯಲ್ಲಿದ್ದಾಗ ಪರೀಕ್ಷೆಯ ಚಿಂತೆ, ಓದುವಾಗ ಕಚೇರಿಯ ಚಿಂತೆ. 2023ರ ಜುಲೈ 1ರಿಂದ ಜಾರಿಯಾದ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ ಎರಡೇ ವರ್ಷ, ಅದು ಮುಗಿದ ಮೇಲೆ ಓದಿಗೆ ಆರು ತಿಂಗಳು, ಆನಂತರ ಪರೀಕ್ಷೆ. ರಜೆ ವರ್ಷಕ್ಕೆ 12 ದಿನವಷ್ಟೇ ಎಂಬುದು ಕಠಿಣವೇ. ಆದರೆ ಕೆಲಸದ ಕಾಲದಲ್ಲಿ ಕೆಲಸಕ್ಕೇ ಪೂರ್ತಿ ಗಮನ ಕೊಡುವ ಅವಕಾಶ ನಿಮ್ಮ ತಲೆಮಾರಿಗೆ ಸಿಕ್ಕಿದೆ.

ವರ್ಗಾವಣೆಯ ಬಗ್ಗೆ: ನಾಲ್ಕು ತಿಂಗಳಿಗೆ ಬೇಡ. ವರ್ಗಾವಣೆಗೆ ಪ್ರಿನ್ಸಿಪಾಲರ ಒಪ್ಪಿಗೆ ಬೇಕು, ಮತ್ತು ಕೆಲಸ ಬೇಸರ ತರಿಸಿದೆ ಎಂಬುದು ಅದನ್ನು ಕೇಳಲು ಸಾಕಾದ ಕಾರಣವಲ್ಲ. ಒಂದು ವರ್ಷಾಂತ್ಯದ ಆಡಿಟನ್ನು ಯೋಜನೆಯಿಂದ ವರದಿಯ ಸಹಿಯವರೆಗೆ ನೋಡಿ ಮುಗಿಸುವ ಮುನ್ನ ಆ ಸಂಸ್ಥೆಯಲ್ಲಿ ಕಲಿಯಲು ಏನಿದೆ ಎಂಬುದನ್ನು ನೀವು ಅಳೆಯಲಾರಿರಿ. ಅದಾದ ಮೇಲೂ ಅದೇ ಖಾತೆ, ಅದೇ ಹಾಳೆ ನಿಮಗೆ ಬರುತ್ತಿದ್ದರೆ, ಇದುವರೆಗೆ ಯಾವ ಯಾವ ಭಾಗಗಳಲ್ಲಿ ಕೆಲಸ ಮಾಡಿದ್ದೀರಿ, ಯಾವುದನ್ನು ಇನ್ನೂ ಮುಟ್ಟಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಂಡು ಮ್ಯಾನೇಜರ್ ಬಳಿ ಹೋಗಿ. ದೂರಾಗಿ ಹೇಳದೆ, ಮುಂದಿನ ಕೆಲಸದಲ್ಲಿ ಇದನ್ನು ಕೊಡಿ ಎಂದು ನಿರ್ದಿಷ್ಟವಾಗಿ ಕೇಳಿ. ಒಂದೇ ಒಂದು ಸಂದರ್ಭದಲ್ಲಿ ಮಾತ್ರ ನಾನು ಕಾಯಿರಿ ಎನ್ನುವುದಿಲ್ಲ: ಮಾಡದ ಕೆಲಸವನ್ನು ಮಾಡಿದಂತೆ ಬರೆಯಲು ನಿಮಗೆ ಹೇಳಿ, ಅದನ್ನು ನೀವು ಮ್ಯಾನೇಜರ್‌ಗೂ ಪ್ರಿನ್ಸಿಪಾಲರಿಗೂ ತಿಳಿಸಿದ ಮೇಲೂ ಅದು ನಿಲ್ಲದಿದ್ದರೆ, ಆಗ ಹೊರಡುವ ದಾರಿಯನ್ನು ಹುಡುಕಿ, ಮತ್ತು ಆ ಹುಡುಕಾಟದಲ್ಲಿ ನನ್ನ ಸಹಾಯ ಬೇಕಿದ್ದರೆ ಮತ್ತೊಮ್ಮೆ ಬರೆಯಿರಿ.